ಮಕ್ಕಳ ಸಾಹಿತ್ಯಕ್ಕೆ ಅಪ್ಪಂದಿರು ಜಾಸ್ತಿ

ಕೊಪ್ಪಳದಲ್ಲಿ ಮೊನ್ನೆ ಒಂದು ವಿಚಾರ ಸಂಕಿರಣ ಆಯಿತು. ವಿಷಯ: ಮಕ್ಕಳ ಪುಸ್ತಕ ಪ್ರಕಟಣೆಗೆ ಮಹಿಳೆಯರ ಕೊಡುಗೆ. ವೇದಿಕೆ ಮೇಲೆ ಹದಿನಾಲ್ಕು ಕುರ್ಚಿ, ಹದಿನಾಲ್ಕರಲ್ಲೂ ಗಂಡಸರು. ಹಾಗಂತ ವೇದಿಕೆ ಮೇಲೆ ಹೆಣ್ಣುಮಕ್ಕಳೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಸರಸ್ವತಿ ಇದ್ದಳು, ಫೋಟೋದಲ್ಲಿ. ಚೆಂಡುಹೂವಿನ ಹಾರ ದಪ್ಪಗಿತ್ತು. ಹೀಗಾಗಿ ಮುಖ ಮುಚ್ಚಿ ವೀಣೆಯ ತುದಿ ಮಾತ್ರ ಕಾಣುತ್ತಿತ್ತು.

ಮಹಿಳೆಯರ ಕೊಡುಗೆ ಏನೂ ಕಮ್ಮಿ ಇರಲಿಲ್ಲ ಬಿಡಿ. ಬಾಗಿಲಲ್ಲಿ ರಂಗೋಲಿ ಅವರದು. ಇಳಕಲ್ ಸೀರೆ ಉಟ್ಟು, ಬಿಸಿಲಲ್ಲಿ ಕುಂಭ ಹೊತ್ತು ಮಂತ್ರಿಗಳ ಕಾರಿಗಾಗಿ ಕಾದವರು ಅವರು. ಮಂತ್ರಿಗಳು ಬರಲಿಲ್ಲ, ಅದು ಬೇರೆ ಮಾತು. ಪ್ರಾರ್ಥನೆ, ನಿರೂಪಣೆ, ವಂದನಾರ್ಪಣೆ, ಮಂಡಾಳ ಒಗ್ಗರಣೆ, ಮಿರ್ಚಿ ಎಲ್ಲ ಅವರದೇ. ಆಹ್ವಾನ ಪತ್ರಿಕೆಯಲ್ಲಿ ಘನ ಉಪಸ್ಥಿತಿ, ಗೌರವ ಉಪಸ್ಥಿತಿ, ವಿಶೇಷ ಉಪಸ್ಥಿತಿ ಅಂತ ಗಂಡಸರ ಹೆಸರು ಸಾಲುಗಟ್ಟಿದ್ದವು. ಎಲ್ಲ ಮುಗಿದ ಮೇಲೆ ಕೆಳಗೆ ಸಣ್ಣ ಅಕ್ಷರದಲ್ಲಿ, 'ಮಹಿಳೆಯರು ಹೆಚ್ಚಿನ ಸಂಖ್ಯೆಯಲ್ಲಿ ಭಾಗವಹಿಸಬೇಕಾಗಿ ವಿನಂತಿ.'

ಮೊದಲಿಗೆ ಕಾನ್ವೆಂಟಿನ ಪುಟಾಣಿಗಳು 'ಬಾ ಬಾ ಬ್ಲ್ಯಾಕ್ ಶೀಪ್' ಹಾಡಿಗೆ ಕುಣಿದರು. ಎಲ್ಲರೂ ಮೊಬೈಲ್ ಎತ್ತಿ ವಿಡಿಯೋ ಮಾಡಿದರು. ಆಮೇಲೆ ಉದ್ಘಾಟಕರು ಮೈಕ್ ಹಿಡಿದು ಪಿತಾಮಹರ ಪಟ್ಟಿ ಶುರು ಮಾಡಿದರು. ಕನ್ನಡಕ್ಕೆ ಒಬ್ಬ ಪಿತಾಮಹ, ಮರಾಠಿಗೆ ಒಬ್ಬ, ಇಂಗ್ಲಿಷಿಗೆ ಜಾನ್ ನ್ಯೂಬೆರಿ. ಅರ್ಧ ಗಂಟೆ ಕಳೆದರೂ ಯಾವ ಭಾಷೆಗೂ ತಾಯಿ ಸಿಗಲಿಲ್ಲ. ಮಕ್ಕಳ ಸಾಹಿತ್ಯ ಎಂಬ ಕೂಸು ಬರೀ ಅಪ್ಪ, ಅಜ್ಜಂದಿರಿಂದಲೇ ಹುಟ್ಟಿದೆ ಅಂತ ನಮಗೂ ಖಾತ್ರಿಯಾಯಿತು.

ನ್ಯೂಬೆರಿ ದೊಡ್ಡವನೇ, ಇಲ್ಲ ಎನ್ನುವುದಿಲ್ಲ. 1744ರಲ್ಲಿ ಲಂಡನ್ನಿನಲ್ಲಿ ಮಕ್ಕಳಿಗಾಗಿ ಪುಟ್ಟ ಪುಸ್ತಕ ತಂದ. ಅವನ ಹೆಸರಲ್ಲಿ ಅಮೆರಿಕದವರು 1922ರಿಂದ ಪದಕ ಕೊಡುತ್ತಿದ್ದಾರೆ. ಅದೇ 1744ರಲ್ಲಿ, ಅದೇ ಲಂಡನ್ನಿನಲ್ಲಿ ಮೇರಿ ಕೂಪರ್ ಎಂಬ ಹೆಂಗಸು ಅಂಗೈಯಲ್ಲಿ ಮುಚ್ಚಿಡುವಷ್ಟು ಪುಟ್ಟದೊಂದು ಪದ್ಯಗಳ ಪುಸ್ತಕ ಪ್ರಕಟಿಸಿದಳು. ಗಂಡ ತೀರಿಕೊಂಡ ಮೇಲೆ ಪುಸ್ತಕದ ವ್ಯಾಪಾರವನ್ನು ತಾನೇ ನಡೆಸಿದವಳು. ಇಂದಿಗೂ ಉಳಿದಿರುವ ಇಂಗ್ಲಿಷ್ ಶಿಶುಪ್ರಾಸಗಳ ಸಂಕಲನಗಳಲ್ಲಿ ಅದೇ ಅತಿ ಹಳೆಯದು. ನಮ್ಮ ಪುಟಾಣಿಗಳು ಕುಣಿದ ಆ ಕಪ್ಪು ಕುರಿ ಅದರಲ್ಲೇ ಇದೆ. ಕುರಿ ಕೊಪ್ಪಳದ ತನಕ ಬಂತು, ಕೂಪರಮ್ಮ ಲಂಡನ್ನಿನಲ್ಲೇ ಉಳಿದಳು. ನ್ಯೂಬೆರಿಯ ಮನೆತನದಲ್ಲೂ ಇನ್ನೊಬ್ಬಳಿದ್ದಳು. ಅವನ ಸೋದರನ ಮಗನೂ ಇದೇ ವ್ಯಾಪಾರದಲ್ಲಿದ್ದ. ಅವನು 1780ರಲ್ಲಿ ತೀರಿಕೊಂಡ ಮೇಲೆ ಹೆಂಡತಿ ಎಲಿಜಬೆತ್ 1802ರ ತನಕ ಅಂಗಡಿ ನಡೆಸಿದಳು. ಪುಸ್ತಕದ ಮೇಲೆ 'ಇ. ನ್ಯೂಬೆರಿ' ಅಂತಷ್ಟೇ ಅಚ್ಚಾಗುತ್ತಿತ್ತು. ಇನಿಷಿಯಲ್ ನೋಡಿ ಹೆಂಗಸು ಅಂತ ಯಾರಿಗೆ ಗೊತ್ತಾಗಬೇಕು?

ಆಮೇಲೆ ಪುಸ್ತಕ ಬಿಡುಗಡೆ. ಮಕ್ಕಳ ಹಾಡುಗಳ ಸಂಕಲನ. ಜಿಲ್ಲೆಯ ಕೆಲವು ಟೀಚರ್‌ಗಳು ಹಳ್ಳಿ ಅಜ್ಜಿಯರ ಬಾಯಿಂದ ಕೇಳಿ ಬರೆದುಕೊಂಡ ಹಾಡುಗಳು. ಅವರೇ ಟೈಪ್ ಮಾಡಿದರು. ನುಡಿ ಸಾಫ್ಟ್‌ವೇರಿನಿಂದ ಯೂನಿಕೋಡ್‌ಗೆ ತರುವಾಗ ಒತ್ತಕ್ಷರ ಕಿತ್ತುಹೋಗುತ್ತವಲ್ವಾ, ಅಜ್ಜಿಯ ಕೆಳಗಿನ ಒತ್ತು ಎಗರಿ ಪ್ರತಿ ಪುಟದಲ್ಲೂ ಅಜಿ ಆಗಿದ್ದಳು. ಅದನ್ನೆಲ್ಲ ರಾತ್ರಿ ಅಡುಗೆ ಮನೆ ಕೆಲಸ ಮುಗಿಸಿ ಕೂತು ಒಂದೊಂದಾಗಿ ತಿದ್ದಿದವರೂ ಅವರೇ. ರಕ್ಷಾಪುಟದಲ್ಲಿ ಸಂಕಿರಣದ ಅಧ್ಯಕ್ಷರ ಹೆಸರು, ಪಕ್ಕದಲ್ಲಿ ಕೂಲಿಂಗ್ ಗ್ಲಾಸ್ ಹಾಕಿದ ಅವರದೇ ಫೋಟೋ.

"ಅಲ್ರೀ ಸರ, ಟೀಚರ್‌ಗಳ ಹೆಸರು ಎಲ್ಲಿ?" ಅಂತ ಕೇಳಿದೆ.

"ಒಳಗ ಹಾಕೀವಲ್ರೀ, ಸಹಕಾರ ಅಂತ. ಹೊರಗ ಜಾಗ ಎಲ್ಲೈತಿ? ನನ್ನ ಫೋಟೋ ಬಂದೈತಿ."

ಅವರನ್ನು ಬೈಯಬೇಡಿ. ಅವರು ಪರಂಪರೆ ಪಾಲಿಸಿದ್ದಾರೆ. ಷೇಕ್ಸ್‌ಪಿಯರನ ನಾಟಕಗಳನ್ನು ಮಕ್ಕಳ ಕಥೆ ಮಾಡಿದ ಪುಸ್ತಕ 1807ರಲ್ಲಿ ಬಂತು. ಇಪ್ಪತ್ತು ಕಥೆಗಳಲ್ಲಿ ಹದಿನಾಲ್ಕನ್ನು ಬರೆದವಳು ಮೇರಿ ಲ್ಯಾಂಬ್. ಹೆಸರು ಅಚ್ಚಾಗಿದ್ದು ಆರು ಬರೆದ ತಮ್ಮ ಚಾರ್ಲ್ಸನದು ಮಾತ್ರ. ನಮ್ಮ ಅಧ್ಯಕ್ಷರು ಒಂದು ಹೆಜ್ಜೆ ಮುಂದೆ. ಆರೂ ಬರೆಯಲಿಲ್ಲ.

ಆ ಲ್ಯಾಂಬ್ ಪುಸ್ತಕ ಹೊರಬಂದ ಅಂಗಡಿಯ ಕಥೆ ಇನ್ನೂ ಚೆಂದ. 1805ರಲ್ಲಿ ಗಾಡ್ವಿನ್ ದಂಪತಿ ಶುರು ಮಾಡಿದ ಮಕ್ಕಳ ಪುಸ್ತಕದಂಗಡಿ ಅದು. ಗಂಡ ವಿಲಿಯಂ ಗಾಡ್ವಿನ್ ಕ್ರಾಂತಿಯ ಮಾತಾಡಿ ಹೆಸರು ಕೆಡಿಸಿಕೊಂಡಿದ್ದ. ಅವನ ಹೆಸರು ನೋಡಿದರೆ ಅಪ್ಪ ಅಮ್ಮಂದಿರು ಪುಸ್ತಕ ಮುಟ್ಟುತ್ತಿರಲಿಲ್ಲ. ಅದಕ್ಕೆ ಮೊದಲು ಅಂಗಡಿಯಾಳಿನ ಹೆಸರಲ್ಲಿ ನಡೆಸಿದರು, ಆಮೇಲೆ ಹೆಂಡತಿ ಮೇರಿ ಜೇನ್ ಹೆಸರಲ್ಲಿ. ಇದು ನಮಗೆ ಹೊಸದಾ? ಮಹಿಳಾ ಮೀಸಲಾತಿ ಬಂದ ಪಂಚಾಯ್ತಿಯಲ್ಲಿ ಅಧ್ಯಕ್ಷೆ ಮನೆಯಲ್ಲಿ, ಅಧ್ಯಕ್ಷೆಯ ಗಂಡ ಕುರ್ಚಿಯಲ್ಲಿ. ಗಂಡನ ಹೆಸರು ನಡೆಯದ ಕಡೆ ಹೆಂಡತಿ ಹೆಸರು ಥಟ್ಟನೆ ನೆನಪಾಗುತ್ತದೆ. ಆದರೂ ಒಂದು ಮಾತು ಹೇಳಬೇಕು. ಮೇರಿ ಜೇನ್ ಬರೀ ಸಹಿ ಹಾಕಿ ಕೂತವಳಲ್ಲ, ಅಂಗಡಿಯನ್ನೂ ನೋಡಿಕೊಂಡಳು, ಮಕ್ಕಳ ಪುಸ್ತಕಗಳ ಅನುವಾದವನ್ನೂ ಮಾಡಿದಳು.

ಮಹಿಳೆಯರ ಬಗ್ಗೆಯೇ ಇದ್ದ ಗೋಷ್ಠಿ ಊಟದ ನಂತರ ಇತ್ತು. ಸಮಯದ ಅಭಾವದಿಂದ ಹತ್ತು ನಿಮಿಷಕ್ಕೆ ಇಳಿಯಿತು. ಪ್ರಬಂಧ ತಂದಿದ್ದ ಮೇಡಂ ಅವರಿಗೆ 'ಸಂಕ್ಷಿಪ್ತವಾಗಿ' ಅಂತ ಚೀಟಿ ಹೋಯಿತು. ಅವರು ಬಾಯಿ ತೆಗೆಯುವಷ್ಟರಲ್ಲಿ ಗೋಷ್ಠಿಯ ಅಧ್ಯಕ್ಷರು ತಾವೇ ಮಾತಿಗಿಳಿದರು. ಅನುಪಮಾ ನಿರಂಜನ ಅಂದರೆ ಯಾರು? ನಿರಂಜನರ ಪತ್ನಿ. ನಿರಂಜನರು ಅಂದರೆ ಯಾರು? ಅಲ್ಲಿಂದ ಶುರುವಾಗಿ ನಿರಂಜನರ ಕಾದಂಬರಿಗಳಲ್ಲೇ ಒಂಬತ್ತು ನಿಮಿಷ ಕಳೆಯಿತು. ವೈದ್ಯೆಯಾಗಿದ್ದುಕೊಂಡೇ ವರ್ಷವಿಡೀ ದಿನಕ್ಕೊಂದರಂತೆ ಹನ್ನೆರಡು ಸಂಪುಟಗಳಲ್ಲಿ ಮಕ್ಕಳಿಗೆ ಕಥೆ ಕೊಟ್ಟ ಹೆಂಗಸಿಗೆ ಉಳಿದಿದ್ದು ಒಂದು ನಿಮಿಷ. ಅದರಲ್ಲೂ ಅರ್ಧ ಕೆಮ್ಮಿಗೆ ಹೋಯಿತು.

ಬಾಲವಿಧವೆಯಾಗಿದ್ದೂ ತಾನೇ ಬರೆದು, ತಾನೇ ಗ್ರಂಥಮಾಲೆ ಕಟ್ಟಿ ಪುಸ್ತಕ ಹೊರತಂದ ನಂಜನಗೂಡು ತಿರುಮಲಾಂಬಾ ಸಮಯದ ಅಭಾವದ ಪಾಲಾದರು. 'ಸರಸ್ವತಿ' ಎಂಬ ಪತ್ರಿಕೆಯನ್ನು ದಶಕಗಟ್ಟಲೆ ನಡೆಸಿ, ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟ ಕಟ್ಟಿದ ಆರ್. ಕಲ್ಯಾಣಮ್ಮನವರದೂ ಅದೇ ಗತಿ. ಈಗ ನಮ್ಮ ಮಕ್ಕಳು ಓದುವ ಚಿತ್ರಪುಸ್ತಕಗಳ ವಿಷಯ ಬರಲೇ ಇಲ್ಲ. ಚೆನ್ನೈನಲ್ಲಿ 1994ರಲ್ಲಿ 'ತಾರಾ' ಪ್ರಕಾಶನ ಶುರು ಮಾಡಿದ ಗೀತಾ ವೂಲ್ಫ್, 1996ರಲ್ಲಿ 'ತೂಲಿಕಾ' ಪ್ರಕಾಶನ ಕಟ್ಟಿದ ರಾಧಿಕಾ ಮೆನನ್ ಇಬ್ಬರೂ ಹೆಂಗಸರು ಅನ್ನುವುದು ಸಂಘಟಕರಿಗೆ ಗೊತ್ತಾಗಿದ್ದರೆ ಇನ್ನೆರಡು ಕುಂಭ ಜಾಸ್ತಿ ಹೊರಿಸುತ್ತಿದ್ದರು.

ಕೊನೆಗೆ ಹದಿನಾಲ್ಕೂ ಮಂದಿಗೆ ಶಾಲು, ಹಾರ, ಕಿನ್ನಾಳದ ಗೊಂಬೆ. ಗೊಂಬೆಗಳ ತಟ್ಟೆ ಹಿಡಿದು ನಿಂತವರು ಯಾರು ಅಂತ ಬೇರೆ ಹೇಳಬೇಕಾ?

ಹೊರಗೆ ಬರುವಾಗ ಅಧ್ಯಕ್ಷರು ಸಿಕ್ಕರು. ಮುಂದಿನ ವರ್ಷ ತಾಯಂದಿರಿಗೂ ನ್ಯಾಯ ಕೊಡುತ್ತಾರಂತೆ. 'ಮಕ್ಕಳ ಸಾಹಿತ್ಯ ಮಾತೆ' ಅಂತ ಪ್ರಶಸ್ತಿ. ಹೆಸರೂ ಆಯ್ಕೆಯಾಗಿದೆ. ಈ ಸಲದ ಪೆಂಡಾಲ್, ಫ್ಲೆಕ್ಸಿನ ಖರ್ಚು ಕೊಟ್ಟ ಕ್ರಷರ್ ಮಾಲೀಕರ ಹೆಂಡತಿ.

"ಅವರು ಏನು ಬರೆದಾರ್ರೀ?"

"ಏನ್ ಬರೀಬೇಕ್ರೀ? ಕ್ರಷರ್ ಅವರ ಹೆಸರಿಗೇ ಐತಿ. ಚೆಕ್ಕಿನ ಮ್ಯಾಲೆ ಸಹಿ ಅವರದಾ."

"ಹಂಗಾದ್ರ ಪ್ರಶಸ್ತಿ ತಗೊಳ್ಳಾಕ ಬರ್ತಾರನು?"

"ಅವರು ಎಲ್ಲಿ ಬರ್ತಾರ್ರೀ, ಮನ್ಯಾಗ ಕೆಲಸ ಇರ್ತಾವು. ಸಾಹುಕಾರ್ರು ಬಂದು ತಗೊಂಡು ಹೊಕ್ಕಾರ."