ಕ್ಲಾರ್ಕ್ ಬರುವ ಮೊದಲೂ ಈ ಟೂರ್ನಿ ಇತ್ತು

ಅಮೆರಿಕದ ಕಾಲೇಜು ಮಹಿಳಾ ಬಾಸ್ಕೆಟ್‌ಬಾಲ್ ಟೂರ್ನಿಯ ಮಾತು ಬಂದರೆ ಸಾಕು, ಎಲ್ಲರ ಬಾಯಲ್ಲೂ ಒಂದೇ ವಿವರಣೆ: ಅಯೋವಾ ವಿಶ್ವವಿದ್ಯಾಲಯದ ತಾರೆ ಕೈಟ್ಲಿನ್ ಕ್ಲಾರ್ಕ್ ಬಂದರು, ಜನ ಬಂದರು. ಕ್ಲಾರ್ಕ್ ಹೋದರು, ಜನವೂ ಹೋದರು. ಇದನ್ನು ನಾನು ಒಪ್ಪುವುದಿಲ್ಲ.

ಮೊದಲು ಅಂಕಿ ನೋಡೋಣ. 2024ರ ಏಪ್ರಿಲ್‌ನಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಸೌತ್ ಕ್ಯಾರೊಲಿನಾ ತಂಡ ಕ್ಲಾರ್ಕ್ ಅವರ ಅಯೋವಾವನ್ನು 87-75ರಿಂದ ಸೋಲಿಸಿದ ಫೈನಲನ್ನು ಟಿವಿಯಲ್ಲಿ ಸರಾಸರಿ 1.89 ಕೋಟಿ ಜನ ನೋಡಿದರು. ಆ ವರ್ಷದ ಪುರುಷರ ಫೈನಲ್‌ಗೆ ಸಿಕ್ಕಿದ್ದು 1.48 ಕೋಟಿ. ಮರುವರ್ಷ ಕ್ಲಾರ್ಕ್ ಇರಲಿಲ್ಲ, ಸಂಖ್ಯೆ 85 ಲಕ್ಷಕ್ಕೆ ಇಳಿಯಿತು. "ಹೇಳಿರಲಿಲ್ವಾ?" ಎಂದವರು ಬಹಳ ಜನ. ಆದರೆ 2022ರ ಫೈನಲ್ ನೋಡಿದವರು ಸುಮಾರು 48 ಲಕ್ಷ. 2025ರಲ್ಲಿ ಯೂಕಾನ್ (ಕನೆಕ್ಟಿಕಟ್ ವಿಶ್ವವಿದ್ಯಾಲಯ) 82-59ರಿಂದ ಏಕಪಕ್ಷೀಯವಾಗಿ ಗೆದ್ದ, ಮೂರನೇ ಕ್ವಾರ್ಟರ್‌ಗೇ ಫಲಿತಾಂಶ ಗೊತ್ತಾಗಿಹೋಗಿದ್ದ ಪಂದ್ಯಕ್ಕೆ ಮೂರು ವರ್ಷದ ಹಿಂದಿನದಕ್ಕಿಂತ ಹೆಚ್ಚುಕಡಿಮೆ ಮುಕ್ಕಾಲು ಪಾಲು ಹೆಚ್ಚು ಜನ ಕೂತಿದ್ದರು. ಇದನ್ನು ಇಳಿಕೆ ಅನ್ನಬೇಕೋ, ಏರಿಕೆ ಅನ್ನಬೇಕೋ?

ನನ್ನ ಪ್ರಕಾರ ಈ ಟೂರ್ನಿಗೆ ಯಾವತ್ತೂ ಪ್ರೇಕ್ಷಕರ ಬರ ಇರಲಿಲ್ಲ. ಅದನ್ನು ನಡೆಸುವವರ ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಪುಟವೇ ಇರಲಿಲ್ಲ.

ಶುರುವಾದದ್ದು 1972ರಲ್ಲಿ, ಇಲಿನಾಯ್ ರಾಜ್ಯದ ನಾರ್ಮಲ್ ಎಂಬ ಊರಿನಲ್ಲಿ, 16 ತಂಡಗಳೊಂದಿಗೆ. ನಡೆಸಿದ್ದು ಎಐಎಡಬ್ಲ್ಯು, ಅಂದರೆ ಮಹಿಳೆಯರೇ ಕಟ್ಟಿದ ಕಾಲೇಜು ಕ್ರೀಡಾ ಸಂಘ. ಗೆದ್ದದ್ದು ಪೆನ್ಸಿಲ್ವೇನಿಯಾದ ಇಮ್ಯಾಕ್ಯುಲೇಟಾ, ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಪುಟ್ಟ ಕಾಲೇಜು. ಹುಡುಗಿಯರು ಟೂತ್‌ಬ್ರಷ್ ಮಾರಿ ದುಡ್ಡು ಕೂಡಿಸಿದ್ದರು. ಕೂಡಿದ್ದು ಎಂಟೇ ಜನರ ಖರ್ಚಿಗೆ ಸಾಲುವಷ್ಟು. ಅದೂ ಸೀಟು ಖಾಲಿ ಇದ್ದರೆ ಮಾತ್ರ ಹತ್ತಿಸಿಕೊಳ್ಳುವ ವಿಮಾನ ಟಿಕೆಟ್ಟಿನಲ್ಲಿ. ಕೋಚ್ ಕ್ಯಾಥಿ ರಷ್ ಅವರ ಆ ತಂಡ ಸತತ ಮೂರು ವರ್ಷ ಚಾಂಪಿಯನ್ ಆಯಿತು.

ಅದೇ 1972ರ ಜೂನ್‌ನಲ್ಲಿ ಟೈಟಲ್ ನೈನ್ ಕಾನೂನು ಬಂತು. ಸರ್ಕಾರದ ಹಣ ಪಡೆಯುವ ಯಾವ ಶಿಕ್ಷಣ ಸಂಸ್ಥೆಯೂ ಹೆಣ್ಣು-ಗಂಡು ಭೇದ ಮಾಡುವಂತಿಲ್ಲ ಎಂದಿತು. ಪುರುಷರ ಕಾಲೇಜು ಕ್ರೀಡೆಯನ್ನು ನಡೆಸುತ್ತಿದ್ದ ಎನ್‌ಸಿಎಎ 1976ರಲ್ಲಿ ಈ ಕಾನೂನಿನ ನಿಯಮಗಳ ವಿರುದ್ಧ ಕೋರ್ಟಿಗೆ ಹೋಯಿತು. ಕೆಲವೇ ವರ್ಷಗಳಲ್ಲಿ ಮಹಿಳಾ ಟೂರ್ನಿಯನ್ನು ತಾನೇ ನಡೆಸಲು ಮುಂದೆ ಬಂತು. 1982ರ ಮಾರ್ಚ್ 28ರಂದು, ಒಂದೇ ದಿನ, ಎರಡು ಫೈನಲ್ ನಡೆದವು. ಫಿಲಡೆಲ್ಫಿಯಾದಲ್ಲಿ ಎಐಎಡಬ್ಲ್ಯುವಿನ ಕೊನೆಯ ಫೈನಲ್. ನಾರ್ಫೋಕ್‌ನಲ್ಲಿ ಎನ್‌ಸಿಎಎಯ ಮೊದಲನೆಯದು; ಅಲ್ಲಿ ಲೂಸಿಯಾನಾ ಟೆಕ್, ಕಪ್ಪು ಜನರಿಗಾಗಿ ಸ್ಥಾಪನೆಯಾದ ಚೇನಿ ಸ್ಟೇಟ್ ಕಾಲೇಜನ್ನು 76-62ರಿಂದ ಸೋಲಿಸಿತು. ಪ್ರಯಾಣದ ಖರ್ಚು ಕೊಡುತ್ತಿದ್ದ ಎನ್‌ಸಿಎಎ ಕಡೆಗೆ ತಂಡಗಳು ವಾಲಿದವು. ಎಐಎಡಬ್ಲ್ಯು ಬಾಗಿಲು ಹಾಕಿತು.

ಜೊತೆಗೆ ಹತ್ತು ವರ್ಷದ ದಾಖಲೆಗಳೂ ಬದಿಗೆ ಸರಿದವು. 2024ರಲ್ಲಿ ಕ್ಲಾರ್ಕ್ 3,951 ಪಾಯಿಂಟ್‌ಗೆ ಮುಟ್ಟುವ ದಾರಿಯಲ್ಲಿ ಲಿನೆಟ್ ವುಡರ್ಡ್ ಅವರ 3,649ನ್ನು ದಾಟಿದರಲ್ಲ, ಆಗ ಎಷ್ಟೋ ಜನ ಆ ಹೆಸರನ್ನು ಮೊದಲ ಸಲ ಕೇಳಿದರು. ವುಡರ್ಡ್ ಆಡಿದ್ದು ಎಐಎಡಬ್ಲ್ಯು ಕಾಲದಲ್ಲಿ, ಹಾಗಾಗಿ ಎನ್‌ಸಿಎಎ ದಾಖಲೆಯಲ್ಲಿ ಅವರ ಅಂಕ ಲೆಕ್ಕಕ್ಕಿರಲಿಲ್ಲ. 28.5 ಇಂಚು ಸುತ್ತಳತೆಯ ಚಿಕ್ಕ ಚೆಂಡು ಮಹಿಳೆಯರ ಆಟಕ್ಕೆ ಬಂದದ್ದು 1984-85ರಲ್ಲಿ, ಮೂರು ಪಾಯಿಂಟ್ ಗೆರೆ 1987-88ರಲ್ಲಿ. ವುಡರ್ಡ್ ಆ 3,649ನ್ನೂ ಗಳಿಸಿದ್ದು ಗಂಡಸರ ಚೆಂಡಿನಲ್ಲಿ, ಮೂರು ಪಾಯಿಂಟ್ ಇಲ್ಲದೆ.

ಟೂರ್ನಿ ಮಾತ್ರ ಬೆಳೆಯುತ್ತಾ ಹೋಯಿತು. 32 ತಂಡ ಇದ್ದದ್ದು 1986ಕ್ಕೆ 40, 1989ಕ್ಕೆ 48, 1994ಕ್ಕೆ 64. ಪುರುಷರಲ್ಲಿ 2011ರಿಂದಲೇ ಇದ್ದ 68 ಮಹಿಳೆಯರಿಗೆ ಸಿಕ್ಕಿದ್ದು 2022ರಲ್ಲಿ. ಪುರುಷರ ಟೂರ್ನಿಗೆ ಮಾತ್ರ ಇದ್ದ 'ಮಾರ್ಚ್ ಮ್ಯಾಡ್‌ನೆಸ್' ಎಂಬ ಹೆಸರನ್ನು ಮಹಿಳಾ ಟೂರ್ನಿ ಬಳಸಲು ಶುರುವಾದದ್ದೂ ಅದೇ ವರ್ಷ.

ಯಾಕೆ 2022? 2021ರ ಸ್ಯಾನ್ ಆಂಟೋನಿಯೋದಿಂದಾಗಿ. ಕೋವಿಡ್ ಕಾರಣಕ್ಕೆ ಆಯಾ ಟೂರ್ನಿಯ ತಂಡಗಳನ್ನೆಲ್ಲ ಒಂದೇ ಕಡೆ ಇಟ್ಟಿದ್ದರು. ಇಂಡಿಯಾನಾಪೊಲಿಸ್‌ನಲ್ಲಿ ಪುರುಷರಿಗೆ ಬಾರ್‌ಬೆಲ್, ರ‍್ಯಾಕ್ ಸಾಲುಸಾಲಾಗಿ ಇದ್ದ ಇಡೀ ಸಭಾಂಗಣ. ಸ್ಯಾನ್ ಆಂಟೋನಿಯೋದಲ್ಲಿ ಮಹಿಳೆಯರಿಗೆ ಒಂದು ಸ್ಟ್ಯಾಂಡ್, ಅದರಲ್ಲಿ ಆರು ಜೋಡಿ ಡಂಬೆಲ್, ಪಕ್ಕದಲ್ಲಿ ಯೋಗ ಮ್ಯಾಟ್. ಅತಿ ಭಾರದ ಡಂಬೆಲ್ ಎಂದರೆ 30 ಪೌಂಡಿನದು, ಹದಿಮೂರೂವರೆ ಕಿಲೋ. ಆರು ಅಡಿ ದಾಟಿದ ಆಟಗಾರ್ತಿ ಎರಡು-ಮೂರು ವಾರ ಕಾಲಿನ ಶಕ್ತಿ ಉಳಿಸಿಕೊಳ್ಳಲು ಅದು ಯಾವ ಮೂಲೆಗೂ ಸಾಲದು. ಜಾಗ ಸಾಲಲಿಲ್ಲ ಎಂಬ ಸಮಜಾಯಿಷಿ ಬಂತು. ಒರೆಗಾನ್ ತಂಡದ ಸೆಡೋನಾ ಪ್ರಿನ್ಸ್ ಮೊಬೈಲ್ ಕ್ಯಾಮೆರಾವನ್ನು ಸುಮ್ಮನೆ ಆ ಕಡೆ ತಿರುಗಿಸಿ, ಖಾಲಿ ಬಿದ್ದಿದ್ದ ಅಷ್ಟಗಲ ಜಾಗ ತೋರಿಸಿದರು. ಒಂದು ನಿಮಿಷವೂ ಇಲ್ಲದ ವಿಡಿಯೊ. ಎರಡು ದಿನದೊಳಗೆ ಸರಿಯಾದ ಜಿಮ್ ಬಂತು. ಸಲಕರಣೆ ಇರಲಿಲ್ಲ ಅಂತಲ್ಲ, ತರಿಸಬೇಕೆಂದು ಯಾರಿಗೂ ಅನಿಸಿರಲಿಲ್ಲ.

ನಂತರ ಎನ್‌ಸಿಎಎಯೇ ನೇಮಿಸಿದ ವಕೀಲರ ಸಂಸ್ಥೆ ಕೊಟ್ಟ ವರದಿ ನನಗೆ ಡಂಬೆಲ್‌ಗಿಂತ ಮುಖ್ಯ. ಮಹಿಳಾ ಬಾಸ್ಕೆಟ್‌ಬಾಲನ್ನು ಇನ್ನೂ ಎರಡು ಡಜನ್‌ಗಿಂತ ಹೆಚ್ಚು ಚಾಂಪಿಯನ್‌ಶಿಪ್‌ಗಳ ಜೊತೆ ಒಂದೇ ಗಂಟು ಕಟ್ಟಿ ಇಎಸ್‌ಪಿಎನ್ ಕ್ರೀಡಾ ಚಾನೆಲ್‌ಗೆ ವರ್ಷಕ್ಕೆ ಸುಮಾರು 3.4 ಕೋಟಿ ಡಾಲರಿಗೆ ಮಾರಲಾಗಿತ್ತು. ಮಹಿಳಾ ಬಾಸ್ಕೆಟ್‌ಬಾಲ್ ಒಂದರ ಹಕ್ಕೇ 2025ರ ಹೊತ್ತಿಗೆ ವರ್ಷಕ್ಕೆ 8.1ರಿಂದ 11.2 ಕೋಟಿ ಬಾಳುತ್ತದೆ ಎಂದಿತು ವರದಿ. ಇನ್ನೊಂದು ಗಂಟೂ ಇತ್ತು: ಪ್ರಾಯೋಜಕತ್ವದ ಹಕ್ಕು ಪುರುಷರ ಟೂರ್ನಿ ತೋರಿಸುವ ಚಾನೆಲ್‌ಗಳ ಕೈಯಲ್ಲಿತ್ತು. ಮಹಿಳಾ ಟೂರ್ನಿಗೆ ಮಾತ್ರ ಜಾಹೀರಾತು ಹಾಕುತ್ತೇನೆಂದು ಬಂದ ಕಂಪನಿಗೆ ದಾರಿಯೇ ಇರಲಿಲ್ಲ. ಗಿರಾಕಿಯನ್ನು ಬಾಗಿಲಲ್ಲೇ ನಿಲ್ಲಿಸಿ, ವ್ಯಾಪಾರ ಆಗುತ್ತಿಲ್ಲ ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದರು.

ಇಎಸ್‌ಪಿಎನ್ ಜೊತೆ 2024ರ ಜನವರಿಯಲ್ಲಿ ಆದ ಹೊಸ ಒಪ್ಪಂದ ಎಂಟು ವರ್ಷಕ್ಕೆ 92 ಕೋಟಿ ಡಾಲರಿನದು. ಅದರಲ್ಲೂ 40 ಚಾಂಪಿಯನ್‌ಶಿಪ್‌ಗಳ ಗಂಟೇ. ಮಹಿಳಾ ಬಾಸ್ಕೆಟ್‌ಬಾಲ್ ಪಾಲು ವರ್ಷಕ್ಕೆ ಸುಮಾರು 6.5 ಕೋಟಿ ಎಂದು ಅವರೇ ಲೆಕ್ಕ ಹಾಕಿದ್ದಾರೆ. ಕ್ಲೀವ್‌ಲ್ಯಾಂಡ್ ಫೈನಲ್‌ಗೆ ಮೂರು ತಿಂಗಳ ಮೊದಲೇ ಸಹಿ ಬಿತ್ತು. ಬೇರೆಯಾಗಿ ಮಾರಬೇಕಿತ್ತು ಎಂದೇ ನಾನು ಈಗಲೂ ಹೇಳುತ್ತೇನೆ.

ಟೂರ್ನಿ ನಡೆಸುವ ರೀತಿಯಲ್ಲೂ ಬಿಗಿಯಾಗಬೇಕಾದ್ದು ಬಹಳ ಇದೆ. ಅಗ್ರ 16 ಶ್ರೇಯಾಂಕದ ತಂಡಗಳು ಮೊದಲೆರಡು ಸುತ್ತನ್ನು ತಮ್ಮ ಕ್ಯಾಂಪಸ್‌ನಲ್ಲೇ ಆಡಿಸುತ್ತವೆ. ಗ್ಯಾಲರಿ ತುಂಬುತ್ತದೆ, ಒಳ್ಳೆಯದೇ. ಆದರೆ ಆತಿಥೇಯರು ಯಾರೆಂದು ಖಚಿತವಾಗುವುದು ಪಂದ್ಯಕ್ಕೆ ಐದು ದಿನ ಮೊದಲು, ಭಾನುವಾರ ರಾತ್ರಿ. ಪುರುಷರ ಪಂದ್ಯಗಳ ಊರು ವರ್ಷಗಳ ಮೊದಲೇ ನಿಗದಿ. 2024ರಲ್ಲಿ ಸ್ಪೋಕೇನ್ ನಗರಕ್ಕೆ ಎರಡೂ ಒಂದೇ ವಾರ ಬಿದ್ದವು. ಹೋಟೆಲ್‌ಗಳು ಭರ್ತಿ. ಯೂಟಾದ ಹುಡುಗಿಯರನ್ನು ಸುಮಾರು 50 ಕಿ.ಮೀ. ದೂರದ, ಪಕ್ಕದ ಐಡಾಹೊ ರಾಜ್ಯದ ಕೋರ್ ಡಲೀನ್‌ನಲ್ಲಿ ಇಳಿಸಿದರು. ಅಲ್ಲಿ ಬೀದಿಯಲ್ಲಿ ಜನಾಂಗೀಯ ನಿಂದನೆ ಎದುರಿಸಿ, ಮರುದಿನ ಹೋಟೆಲ್ ಬದಲಿಸಬೇಕಾಯಿತು. ಎರಡೂ ಟೂರ್ನಿ ಒಂದೇ ಊರಿಗೆ ಬೀಳಬಹುದಾದ ಕಡೆ ಮಹಿಳಾ ತಂಡಗಳಿಗೂ ಮುಂಗಡವಾಗಿ ರೂಮು ಹಿಡಿದಿಡುವುದು ಅಷ್ಟು ಕಷ್ಟದ ಕೆಲಸವೇ?

ಅದೇ ಟೂರ್ನಿಯಲ್ಲಿ ಪೋರ್ಟ್‌ಲ್ಯಾಂಡ್. ಮೂರು ಪಾಯಿಂಟ್ ಗೆರೆ ಬುಟ್ಟಿಯಿಂದ 22 ಅಡಿ 1¾ ಇಂಚು ಇರಬೇಕು. ಅಂಗಳದ ಒಂದು ತುದಿಯಲ್ಲಿ ಸುಮಾರು ಒಂಬತ್ತು ಇಂಚು ವ್ಯತ್ಯಾಸ. ಕಂಡುಬಂದದ್ದು ಐದನೇ ಪಂದ್ಯ ಶುರುವಾಗುವ ಮುಂಚೆ. ಸರಿಮಾಡಲು ಹೊತ್ತು ಹಿಡಿಯುತ್ತದೆಂದು ಕೋಚ್‌ಗಳಿಬ್ಬರೂ ಹಾಗೇ ಆಡಲು ಒಪ್ಪಿದರು. 2023ರಿಂದ ಕೊನೆಯ 16 ತಂಡಗಳನ್ನು ನಾಲ್ಕರ ಬದಲು ಎರಡೇ ಊರಲ್ಲಿ ಆಡಿಸುತ್ತಿದ್ದಾರೆ. ಹಾಗಾಗಿ ಒಂದು ಅಂಗಳದ ತಪ್ಪು ಉಳಿದ ತಂಡಗಳಲ್ಲಿ ಅರ್ಧದಷ್ಟನ್ನು ಮುಟ್ಟಿತು. ಎರಡು ಊರಿನ ಪದ್ಧತಿ ನನಗೆ ಹಿಡಿಸದಿರಲು ದೂರದ ಅಭಿಮಾನಿಗಳ ಪ್ರಯಾಣದ ಜೊತೆ ಇದೂ ಒಂದು ಕಾರಣ.

ನಿಜವಾದ ತಿರುವು ಅಂತ ನಾನು ಕರೆಯುವುದು 2025ರ 'ಯೂನಿಟ್' ಪದ್ಧತಿಯನ್ನು. ಫೈನಲ್ ಬಿಟ್ಟು ಆಡಿದ ಪ್ರತಿ ಪಂದ್ಯಕ್ಕೆ ತಂಡಕ್ಕೆ ಒಂದು ಯೂನಿಟ್, ಒಟ್ಟು 132. ದುಡ್ಡು ಹೋಗುವುದು ತಂಡದ ಕಾನ್ಫರೆನ್ಸ್‌ಗೆ, ಅಂದರೆ ಅದು ಆಡುವ ಕಾಲೇಜುಗಳ ಲೀಗ್‌ಗೆ, ಮೂರು ವರ್ಷ ಕಂತಿನಲ್ಲಿ. ನಿಧಿ ಮೊದಲ ವರ್ಷ 1.5 ಕೋಟಿ ಡಾಲರ್, ಆಮೇಲೆ 2 ಕೋಟಿ, ಮತ್ತೆ 2.5 ಕೋಟಿ. ಸೆಮಿಫೈನಲ್ ತಲುಪಿದ ತಂಡ ಮೂರು ವರ್ಷದಲ್ಲಿ ಸುಮಾರು 12.6 ಲಕ್ಷ ಡಾಲರ್ ತರುತ್ತದೆ. ಪುರುಷರಲ್ಲಿ ಒಂದೇ ಯೂನಿಟ್ ಆರು ವರ್ಷದಲ್ಲಿ ಸುಮಾರು 20 ಲಕ್ಷ ಕೊಡುತ್ತದೆ, ಆ ಪದ್ಧತಿ 1991ರಿಂದ ಇದೆ. ಅಂದರೆ 2024ರವರೆಗೆ ಮಹಿಳಾ ತಂಡ ಕಪ್ ಗೆದ್ದರೂ ಈ ಬಾಬ್ತಿನಲ್ಲಿ ಬರುತ್ತಿದ್ದುದು ಸೊನ್ನೆ. ಇನ್ನೊಬ್ಬ ಸಹಾಯಕ ಕೋಚ್, ಒಬ್ಬ ಫಿಸಿಯೊ, ಬಸ್ಸಿನ ಬದಲು ವಿಮಾನ ಎಂದು ಕೇಳಿದಾಗ ಕಾಲೇಜಿನ ಕ್ರೀಡಾ ವಿಭಾಗ ದುಡ್ಡು ಹಾಕುತ್ತಿದ್ದುದು ವಾಪಸ್ ಬರುವ ಕಡೆಗೆ.

ಇದು ದೊಡ್ಡ ತಂಡಗಳ ಮಾತಷ್ಟೇ ಅಲ್ಲ. ನಮ್ಮ ಬೆಂಗಳೂರಿನ ಸಂಜನಾ ರಮೇಶ್ 2019ರಲ್ಲಿ ಸ್ಕಾಲರ್‌ಶಿಪ್ ಪಡೆದು ಆಡಲು ಹೋದದ್ದು ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯಕ್ಕೆ. ಅದು ಬಿಗ್ ಸ್ಕೈ ಕಾನ್ಫರೆನ್ಸ್‌ನಲ್ಲಿದೆ. ಅಲ್ಲಿಂದ ಸಾಮಾನ್ಯವಾಗಿ ಟೂರ್ನಿಗೆ ಹೋಗುವುದು ಕಾನ್ಫರೆನ್ಸ್ ಗೆದ್ದ ಒಂದೇ ತಂಡ, ಬಹಳ ಸಲ ಮೊದಲ ಪಂದ್ಯದಲ್ಲೇ ಸೋತು ಮರಳುತ್ತದೆ. ಈಗ ಸೋತು ಬಂದರೂ ಒಂದು ಯೂನಿಟ್ ಖಾತ್ರಿ. ಮೊದಲ ವರ್ಷ ಅದರ ಬೆಲೆ ಸುಮಾರು 1,13,000 ಡಾಲರ್. ಸದಸ್ಯ ಕಾಲೇಜುಗಳಿಗೆಲ್ಲ ಹಂಚಿದರೆ ಕೈಗೆ ಬರುವುದು ಅಲ್ಪವೇ. ಆದರೆ ಬಜೆಟ್ ಸಭೆಯಲ್ಲಿ ಮಹಿಳಾ ತಂಡದ ಹೆಸರಿನ ಮುಂದೆ, ಆದಾಯದ ಕಡೆ, ಈಗ ಒಂದು ಅಂಕಿ ಇರುತ್ತದೆ.