ವೇರಿಗೇಟೆಡ್ ಬಾಳೆಯ ಗಡ್ಡೆ ತುಂಡಿನ ಬಗ್ಗೆ ಸ್ಪಷ್ಟನೆ

"ವೇರಿಗೇಟೆಡ್ ಬಾಳೆಯ ಗಡ್ಡೆಯನ್ನು ಸಣ್ಣ ಸಣ್ಣ ತುಂಡು ಮಾಡಿ, ಒದ್ದೆ ಮಣ್ಣಲ್ಲಿ ಹೂತು, ದಿನಾ ನೀರು ಹಾಕಿ. ಪ್ರತಿ ತುಂಡಿಗೂ ಒಂದು ಬಿಳಿ-ಹಸಿರು ಗಿಡ ಖಂಡಿತ" ಎಂಬ ಸಂದೇಶ ಹರಿದಾಡುತ್ತಿದೆ. (ವೇರಿಗೇಟೆಡ್ ಬಾಳೆ ಎಂದರೆ ಎಲೆಯಲ್ಲಿ ಬಿಳಿ-ಹಸಿರು ಪಟ್ಟೆ ಇರುವ ಬಾಳೆ.) ಇದು ತಪ್ಪು. ದಯವಿಟ್ಟು ಮುಂದೆ ಕಳಿಸಬೇಡಿ.

ಕಣ್ಣು, ಅಂದರೆ ಮೊಳಕೆ ಒಡೆಯುವ ಮೊಗ್ಗು, ಇಲ್ಲದ ತುಂಡು ಮೊಳೆಯುವುದಿಲ್ಲ. ಕಣ್ಣಿದ್ದರೂ, ಆಗಷ್ಟೇ ಕತ್ತರಿಸಿದ ತುಂಡಿಗೆ ಬೇರೂ ಇಲ್ಲ, ಎಲೆಯೂ ಇಲ್ಲ. ಅದು ಹೀರುವ ನೀರು ತೀರಾ ಕಡಿಮೆ. ಉಳಿದದ್ದು ಸುಮ್ನೆ ಸುತ್ತ ನಿಲ್ಲುತ್ತದೆ. ಹಸಿ ಗಾಯದಿಂದ ಬ್ಯಾಕ್ಟೀರಿಯಾ, ಶಿಲೀಂಧ್ರ ಒಳಗೆ ಹೋಗಿ ಗಡ್ಡೆ ಮೆತ್ತಗಾಗುತ್ತದೆ, ಕೊಳೆತು ನಾರುತ್ತದೆ. ತುಂಡು ಚಿಕ್ಕದಾದಷ್ಟೂ ಅಪಾಯ ಜಾಸ್ತಿ. ಶುಚಿಯಾದ ಚಾಕು ಬಳಸಿ, ಕಣ್ಣಿನ ಜೊತೆ ದಪ್ಪ ತಿರುಳು ಉಳಿಸಿ. ಕತ್ತರಿಸಿದ ಮುಖ ನೆರಳಲ್ಲಿ ಒಣಗಲಿ. ಆಮೇಲೆ ನೀರು ಬಸಿದುಹೋಗುವ ಪರ್ಲೈಟ್ (ಕುಂಡಗಳಿಗೆ ಬಳಸುವ ಹಗುರವಾದ ಬಿಳಿ ಹರಳು) ಇಲ್ಲವೇ ದಪ್ಪ ಮರಳಲ್ಲಿ ಇಡಿ. ತುಸು ತೇವ ಸಾಕು.

ಬಣ್ಣದ ಬಗ್ಗೆ ಹೇಳಿದ ಆ "ಖಂಡಿತ" ಇನ್ನೂ ದೊಡ್ಡ ತಪ್ಪು. ಇಂಥ ಬಾಳೆಯಲ್ಲಿ ಹಸಿರು ಕೋಶ, ಬಿಳಿ ಕೋಶ ಎರಡೂ ಇರುತ್ತವೆ. ಕಣ್ಣು ಯಾವ ಕೋಶಗಳಿಂದ ಹುಟ್ಟಿತೋ ಗಿಡವೂ ಹಾಗೇ. ಪಟ್ಟೆ ಬರಬಹುದು, ಪೂರ್ತಿ ಹಸಿರೂ ಆಗಬಹುದು. ಪೂರ್ತಿ ಬಿಳಿ ಬಂದರೆ ಅದು ಬದುಕುವುದಿಲ್ಲ. ಕ್ಲೋರೋಫಿಲ್ ಇಲ್ಲದೆ ಆಹಾರ ಹೇಗೆ ತಯಾರಿಸೀತು, ಅಲ್ವಾ?

ಒಂದೇ ಗಿಡ ಇರುವವರು ಗಡ್ಡೆಗೆ ಚಾಕು ಹಾಕಲೇಬೇಡಿ. ಸ್ವಂತ ಬೇರು ಬಿಟ್ಟ ಕಂದು (ಬುಡದಿಂದ ಏಳುವ ಮರಿಗಿಡ) ಬರುವವರೆಗೆ ಕಾಯಿರಿ.