ನೀರಿಗಿಳಿಯದ ಚಾಂಪಿಯನ್ನರು

ಮತ್ತೊಂದು ಈಜು ತಂಡ ಹೋಯಿತು. 2025ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್ ಪಾಲಿ ವಿಶ್ವವಿದ್ಯಾಲಯ ತನ್ನ ಈಜು ಮತ್ತು ಡೈವಿಂಗ್ ತಂಡಗಳಿಗೆ ಬಾಗಿಲು ಹಾಕಿತು. ಕಾರಣ ದುಡ್ಡು. ಕಾಲೇಜುಗಳು ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು ಅನ್ನುವ ಒಪ್ಪಂದ ಕೋರ್ಟಿನಲ್ಲಿ ಹಣ್ಣಾಗುತ್ತಿತ್ತು. ಜೂನ್‌ನಲ್ಲಿ ಒಪ್ಪಿಗೆಯೂ ಸಿಕ್ಕಿತು. ಮೊದಲ ವರ್ಷ, ಅಂದರೆ 2025-26ರಲ್ಲಿ, ಒಂದು ಕಾಲೇಜು 2.05 ಕೋಟಿ ಡಾಲರ್‌ವರೆಗೆ ಹಂಚಬಹುದು ಅಂತಾಯಿತು. ಒಳ್ಳೆಯದೇ. ದುಡಿದವರಿಗೆ ಕೂಲಿ ಸಿಗಬೇಕು. ಆದರೆ ಹೆಚ್ಚಿನ ಪಾಲು ಹೋಗುವುದು ಅಮೆರಿಕನ್ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಹುಡುಗರಿಗೆ. ಬೆಲ್ಟು ಬಿಗಿಯಬೇಕಾದವರು ಮಾತ್ರ ಚಡ್ಡಿ ಹಾಕಿ ಈಜುವವರು.

ಇಂಥ ಸುದ್ದಿ ಬಂದಾಗಲೆಲ್ಲ ಯಾರಾದರೂ ಒಬ್ಬರು ನಿಟ್ಟುಸಿರು ಬಿಡುತ್ತಾರೆ. ಪಾಪ, ಈ ಸಣ್ಣ ಆಟಗಳನ್ನು ಯಾರೂ ನೋಡುವುದಿಲ್ಲ ಅಂತ. ಯಾರು ಹೇಳಿದ್ದು? ದುಡ್ಡಿದ್ದವರು ಬಹಳ ಗಮನವಿಟ್ಟು ನೋಡಿದ್ದಾರೆ. ನನ್ನ ಮೆಚ್ಚಿನ ಕಾಲೇಜು ಕ್ರೀಡಾಪಟುಗಳೆಲ್ಲ ಈ ಆಟಗಳಲ್ಲೇ ಸಿಕ್ಕಿದ್ದು, ಅದೂ ಒಬ್ಬ ದಲ್ಲಾಳಿಯ ಕೃಪೆಯಿಂದ.

2019ರ ಮಾರ್ಚ್ ನೆನಪಿದೆ ಅಲ್ವಾ? ರಿಕ್ ಸಿಂಗರ್ ಅನ್ನುವ ಮಹಾನುಭಾವನ ಕಾಲೇಜು ಪ್ರವೇಶದ ದಂಧೆ ಬಯಲಾದ ತಿಂಗಳು. ಓದಿನ ಬಲದಿಂದ ದೊಡ್ಡ ಕಾಲೇಜು ಸೇರಿದರೆ ಮುಂಬಾಗಿಲು, ಕಟ್ಟಡಕ್ಕೇ ದೇಣಿಗೆ ಕೊಟ್ಟು ಸೇರಿದರೆ ಹಿಂಬಾಗಿಲು. ಆತ ಪಕ್ಕದ ಬಾಗಿಲು ತೆರೆದ: ಅಪ್ಪ ಅಮ್ಮಂದಿರಿಂದ ದುಡ್ಡು ತಗೊಂಡು, ತರಬೇತುದಾರರಿಗೆ ಲಂಚ ಕೊಟ್ಟು, ಆಡದ ಮಕ್ಕಳನ್ನೂ ಆಟಗಾರರ ಲೆಕ್ಕದಲ್ಲಿ ಕಾಲೇಜಿಗೆ ಸೇರಿಸುವುದು. ಆ ಬಾಗಿಲಿನ ಕೀಲಿಕೈ ಇದ್ದದ್ದು ರೋಯಿಂಗ್, ವಾಟರ್ ಪೋಲೊ, ಹಾಯಿದೋಣಿಯಂಥ ತಂಡಗಳ ಬಳಿ. ಫುಟ್‌ಬಾಲ್ ತಂಡಕ್ಕೆ ಬಾರದ ಹುಡುಗನನ್ನು ಸೇರಿಸಿಕೊಂಡರೆ ಶನಿವಾರ ಎಂಬತ್ತು ಸಾವಿರ ಜನ ಎದ್ದು ಬಯ್ಯುತ್ತಾರೆ. ದೋಣಿಯಲ್ಲಿ ಒಬ್ಬಳು ಕಮ್ಮಿ ಇದ್ದರೆ ದಡದಲ್ಲಿ ನಿಂತು ಎಣಿಸುವವರು ಯಾರು?

ನಟಿ ಲೋರಿ ಲಾಫ್‌ಲಿನ್ ಮತ್ತು ಅವರ ಪತಿ ಇಬ್ಬರು ಹೆಣ್ಣುಮಕ್ಕಳಿಗಾಗಿ 5 ಲಕ್ಷ ಡಾಲರ್ ಕೊಟ್ಟರು. ಮಕ್ಕಳು ರೋಯಿಂಗ್ ಯಂತ್ರದ ಮೇಲೆ ಕೂತು ಫೋಟೊ ತೆಗೆಸಿಕೊಂಡರು. ಅಷ್ಟೇ. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ದಾಖಲೆಯಲ್ಲಿ ಇಬ್ಬರೂ ದೋಣಿ ಪಟುಗಳು. ಎಂಥ ಸಾಧನೆ ನೋಡಿ! ಬೇರೆ ಮಕ್ಕಳು ವರ್ಷಗಟ್ಟಲೆ ಬೆಳಗಿನ ಚಳಿಯಲ್ಲಿ ಹುಟ್ಟು ಹಾಕಿ, ಅಂಗೈ ಬೊಬ್ಬೆ ಎದ್ದು, ಕೊನೆಗೂ ಆಯ್ಕೆಯಾಗದೆ ಮನೆಗೆ ಹೋಗುತ್ತಾರೆ. ಇವರು ಕೂದಲು ಕೂಡ ಒದ್ದೆ ಮಾಡಿಕೊಳ್ಳಲಿಲ್ಲ.

ನನ್ನ ಚಿನ್ನದ ಪದಕ ಮಾತ್ರ ವಾಟರ್ ಪೋಲೊ ಹುಡುಗನಿಗೆ. ಆ ಆಟ ನಡೆಯುವುದು ಆಳದ ಕೊಳದಲ್ಲಿ. ತಳಕ್ಕೆ ಕಾಲು ಊರುವಂತಿಲ್ಲ. ಆಟ ಮುಗಿಯುವವರೆಗೂ ಕಾಲನ್ನು ಗಿರಗಿರ ತಿರುಗಿಸುತ್ತಾ ತೇಲಬೇಕು, ಅದರ ನಡುವೆ ಚೆಂಡು ಎಸೆಯಬೇಕು. ಎದುರಾಳಿ ನೀರಿನೊಳಗೆ ಒದೆಯುವುದು, ಚಡ್ಡಿ ಎಳೆಯುವುದು ಎಲ್ಲ ಬೇರೆ. ಈ ಹುಡುಗನ ಅಪ್ಪ ಚೆಂಡು, ಟೋಪಿ ಎಲ್ಲ ಅಮೆಜಾನ್‌ನಲ್ಲಿ ತರಿಸಿದ. ಮಗನ ಫೋಟೊ ತೆಗೆಸಿ, ಅದನ್ನು ತಿದ್ದಲು ಒಬ್ಬ ಗ್ರಾಫಿಕ್ ಡಿಸೈನರ್‌ನನ್ನು ಇಟ್ಟ. ಹುಡುಗ ನೀರಿನಿಂದ ಎಷ್ಟು ಮೇಲೆದ್ದಿದ್ದ ಅಂದರೆ ಸಿಂಗರ್‌ಗೇ ಗಾಬರಿ. ಇಷ್ಟು ಮೇಲೆ ಯಾರೂ ಏಳುವುದಿಲ್ಲ ಮಾರಾಯಾ ಅನ್ನುವ ಅರ್ಥದಲ್ಲಿ ಬರೆದು ತಿಳಿಸಿದ. ಇಡೀ ಹಗರಣದಲ್ಲಿ ಆಟದ ನಿಯಮದ ಬಗ್ಗೆ ಇಷ್ಟು ಕಾಳಜಿ ತೋರಿಸಿದವನು ಆ ದಲ್ಲಾಳಿ ಒಬ್ಬನೇ ಇರಬೇಕು.

ಪೋಲ್ ವಾಲ್ಟ್ ಪಟುವನ್ನೂ ಮರೆಯಬಾರದು. ಕಾಲೇಜಿನ ಸಲಹೆಗಾರರು ಆ ಹುಡುಗನನ್ನು ಅಥ್ಲೆಟಿಕ್ಸ್ ತಂಡದ ಬಗ್ಗೆ ಕೇಳಿದರು. ಅವನು ನಾನು ಯಾವ ತಂಡದಲ್ಲೂ ಇಲ್ಲವಲ್ಲ ಅಂದ. ಅಪ್ಪ ಅಮ್ಮ ಅವನಿಗೂ ಹೇಳಿರಲಿಲ್ಲ. ಇಷ್ಟು ವಿನಯ ಇರುವ ಕ್ರೀಡಾಪಟು ಇನ್ನೆಲ್ಲಿ ಸಿಕ್ಕಾನು?

ಹಾಗಂತ ಕಾಗದದ ಆಟಗಾರರನ್ನು ಸಿಂಗರ್ ಕಂಡುಹಿಡಿದ ಅಂದುಕೊಳ್ಳಬೇಡಿ. ಕಾಲೇಜುಗಳೇ ಗುರುಗಳು. ಗಂಡು ಹೆಣ್ಣುಮಕ್ಕಳಿಗೆ ಆಟದಲ್ಲಿ ಸಮಾನ ಅವಕಾಶ ಕೊಡಿ ಅಂತ 1972ರಲ್ಲಿ ಕಾನೂನು ಬಂತು, ಟೈಟಲ್ ನೈನ್. ಫುಟ್‌ಬಾಲ್ ತಂಡವೊಂದೇ ನೂರು ಹುಡುಗರನ್ನು ನುಂಗುತ್ತದೆ. ಅದನ್ನು ಸರಿದೂಗಿಸಲು ಅಷ್ಟೇ ಹುಡುಗಿಯರನ್ನು ತೋರಿಸಬೇಕಲ್ಲ? 2011ರಲ್ಲಿ ನ್ಯೂಯಾರ್ಕ್ ಟೈಮ್ಸ್ ಲೆಕ್ಕ ಬಿಚ್ಚಿತು. ಸೌತ್ ಫ್ಲೋರಿಡಾ ವಿಶ್ವವಿದ್ಯಾಲಯದ ಮಹಿಳಾ ಕ್ರಾಸ್ ಕಂಟ್ರಿ ತಂಡದಲ್ಲಿ 71 ಹೆಸರು, ಅರ್ಧದಷ್ಟು ಜನ ಕೂಡ ಓಡಿರಲಿಲ್ಲ. ಕೆಲವರಿಗೆ ತಾವು ತಂಡದಲ್ಲಿರುವುದೇ ಗೊತ್ತಿರಲಿಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಮಹಿಳಾ ಫೆನ್ಸಿಂಗ್, ಅಂದರೆ ಕತ್ತಿವರಸೆ, ತಂಡದ 34 ಮಂದಿ ಮುಖವಾಡ ತೆಗೆದರೆ 15 ಜನ ಗಂಡಸರು! ಹುಡುಗಿಯರ ಜೊತೆ ಅಭ್ಯಾಸ ಮಾಡುತ್ತಾರೆ, ಆದ್ದರಿಂದ ಲೆಕ್ಕದಲ್ಲಿ ಹುಡುಗಿಯರು. ನಿಯಮದ ಪ್ರಕಾರ ಎಲ್ಲವೂ ಸರಿ.

ನಿಯಮ ಅಂದಾಗ ನೆನಪಾಯಿತು. ಅಮೆರಿಕದ ಕಾಲೇಜು ಆಟಗಳನ್ನು ನೋಡಿಕೊಳ್ಳಬೇಕಾದ ಸಂಸ್ಥೆ ಎನ್‌ಸಿಎಎ ಆ ಕಾಲದಲ್ಲಿ ಏನು ಕಾಯುತ್ತಿತ್ತು ಗೊತ್ತೇ? ಚೀಸ್. ಆಟಗಾರರಿಗೆ ಕಾಲೇಜು ಹಣ್ಣು, ಬಾದಾಮಿ ಗೋಡಂಬಿಯಂಥ ಬೀಜ, ಬೇಗಲ್ ಕೊಡಬಹುದಿತ್ತು. ಬೇಗಲ್ ಅಂದರೆ ನಡುವೆ ತೂತಿರುವ ಬ್ರೆಡ್ಡು, ಉದ್ದಿನವಡೆಯ ದೂರದ ನೆಂಟ. ಆದರೆ ಅದಕ್ಕೆ ಕ್ರೀಮ್ ಚೀಸ್ ಸವರಿದಿರೋ, ತಿಂಡಿ ಹೋಗಿ ಊಟವಾಯಿತು. ಹೆಚ್ಚುವರಿ ಊಟ ಕೊಟ್ಟರೆ ನಿಯಮ ಮುರಿದಂತೆ. ದೊಡ್ಡ ದೊಡ್ಡ ವಿದ್ಯಾವಂತರು ಮೇಜಿನ ಸುತ್ತ ಕೂತು ಬ್ರೆಡ್ಡಿನ ಮೇಲೆ ಏನಿದೆ ಅಂತ ಬಗ್ಗಿ ನೋಡುವ ದೃಶ್ಯವನ್ನು ಸುಮ್ನೆ ಊಹಿಸಿಕೊಳ್ಳಿ. ಕೊನೆಗೆ 2014ರಲ್ಲಿ ಹೊಟ್ಟೆ ತುಂಬಾ ಕೊಡಿ ಅಂತ ಬಿಟ್ಟುಬಿಟ್ಟರು.

ಊಟ ಬಿಟ್ಟರೂ ದುಡ್ಡು ಬಿಡಲಿಲ್ಲ. 2019ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ಜಿಮ್ನಾಸ್ಟ್ ಕೇಟ್ಲಿನ್ ಒಹಾಶಿ ಫ್ಲೋರ್ ಪ್ರದರ್ಶನದಲ್ಲಿ ಹತ್ತಕ್ಕೆ ಹತ್ತು ಪಡೆದರು. ವಿಡಿಯೊವನ್ನು ಕೋಟಿಗಟ್ಟಲೆ ಜನ ನೋಡಿದರು. ತಂಡದಲ್ಲಿ ಉಳಿಯಬೇಕಾದರೆ ಆ ಹೆಸರಿನಿಂದ ಅವರು ಒಂದು ಡಾಲರ್ ಕೂಡ ಸಂಪಾದಿಸುವಂತಿರಲಿಲ್ಲ. ಆಟದ ಪಾವಿತ್ರ್ಯ ಕೆಡುತ್ತದಲ್ಲ! ಆ ನಿಯಮ ಸಡಿಲವಾಗಿದ್ದು 2021ರ ಜುಲೈನಲ್ಲಿ. ಅಷ್ಟರಲ್ಲಿ ಅವರ ಕಾಲೇಜು ಮುಗಿದಿತ್ತು. ಯಂತ್ರದ ಮೇಲೆ ಕೂತು ತೆಗೆಸಿದ ಫೋಟೊಗೆ ಬೆಲೆ ಇತ್ತು, ಹತ್ತಕ್ಕೆ ಹತ್ತು ಅಂಕಕ್ಕೆ ಇರಲಿಲ್ಲ.

ಇನ್ನು ನಗು ಬರುವುದಿಲ್ಲ. 2020ರ ಜುಲೈನಲ್ಲಿ ಸ್ಟ್ಯಾನ್‌ಫರ್ಡ್ 11 ಆಟಗಳನ್ನು ಕೈಬಿಡುತ್ತೇವೆ ಅಂತ ಘೋಷಿಸಿತು. ಕುಸ್ತಿ, ಫೆನ್ಸಿಂಗ್, ಹಾಕಿ, ಸ್ಕ್ವಾಷ್, ಹಾಯಿದೋಣಿ ಎಲ್ಲ ಅದರಲ್ಲಿದ್ದವು. ಹಾಯಿದೋಣಿಯ ತರಬೇತುದಾರ ಸಿಂಗರ್‌ನ ದುಡ್ಡನ್ನು ತಂಡದ ಖಾತೆಗೆ ಹಾಕಿಸಿಕೊಂಡು ಕೆಲಸ ಕಳೆದುಕೊಂಡ ಮರುವರ್ಷವೇ ಈ ಘೋಷಣೆ. ಈ ಆಟಗಳನ್ನು ಕಾಯಂ ಆಗಿ ನಡೆಸಲು 20 ಕೋಟಿ ಡಾಲರ್ ಬೇಕು, ನಮ್ಮಲ್ಲಿಲ್ಲ ಅಂದರು. ಎರಡೂವರೆ ಸಾವಿರ ಕೋಟಿ ಡಾಲರ್‌ಗೂ ಜಾಸ್ತಿ ನಿಧಿ ಇಟ್ಟುಕೊಂಡವರು ಹೇಳುವ ಮಾತೇ ಇದು?

ದುಡ್ಡಿಲ್ಲ ಅನ್ನುವುದನ್ನು ಈ ಕಾಲೇಜುಗಳ ಬಾಯಲ್ಲಿ ಕೇಳಿ ಕೇಳಿ ಸಾಕಾಗಿದೆ. 2023ರಲ್ಲಿ ಟೆಕ್ಸಸ್ ಎ ಆ್ಯಂಡ್ ಎಂ ತನ್ನ ಫುಟ್‌ಬಾಲ್ ಕೋಚ್ ಜಿಂಬೊ ಫಿಷರ್‌ರನ್ನು ಮನೆಗೆ ಕಳಿಸಿತು. ಕಳಿಸುವುದಕ್ಕೆ ಸುಮಾರು 7.6 ಕೋಟಿ ಡಾಲರ್, ಕಂತುಕಂತಾಗಿ 2031ರವರೆಗೆ. ತರಬೇತಿ ಕೊಡದೆ ಇರುವುದಕ್ಕೆ ಸಂಬಳ! ಇದಕ್ಕೆ ದುಡ್ಡು ಹುಟ್ಟುತ್ತದೆ. ಕುಸ್ತಿಯ ಹುಡುಗನಿಗೆ ಒಂದು ಚಾಪೆ ಹಾಸುವುದಕ್ಕೆ ಹುಟ್ಟುವುದಿಲ್ಲ.

ಆ ಹುಡುಗನ ಹೆಸರು ಶೇನ್ ಗ್ರಿಫಿತ್, ಸ್ಟ್ಯಾನ್‌ಫರ್ಡ್‌ನ ಕುಸ್ತಿಪಟು. 2021ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ 165 ಪೌಂಡ್ ವಿಭಾಗದಲ್ಲಿ ಗೆದ್ದ. ತಂಡ ಮುಚ್ಚುವುದನ್ನು ಪ್ರತಿಭಟಿಸಿ ಮೈಮೇಲೆ ಬರೀ ಕಪ್ಪು ಉಡುಪು. ಕಾಲೇಜಿನ ಹೆಸರಿಲ್ಲ, ಲಾಂಛನವಿಲ್ಲ. ನಿಜವಾಗಿ ಆಡಿದವನ ಎದೆಯ ಮೇಲೆ ಕಾಲೇಜಿಲ್ಲ. ಆಡದೇ ಇದ್ದವರಿಗೆ ಕಾಲೇಜಿನ ಗುರುತಿನ ಚೀಟಿಯೇ ಸಿಕ್ಕಿತ್ತು.

ಮೇ ತಿಂಗಳಲ್ಲಿ ಆಟಗಾರರು ಕೋರ್ಟಿಗೆ ಹೋದರು. ಅದೇ ತಿಂಗಳು ಹಣದ ಸ್ಥಿತಿ ಸುಧಾರಿಸಿದೆ, 11 ಆಟಗಳೂ ಇರಲಿ ಅಂತ ಸ್ಟ್ಯಾನ್‌ಫರ್ಡ್ ಹೇಳಿತು. ಮೊದಲ ಲೆಕ್ಕ ತಪ್ಪೋ, ಎರಡನೆಯದು ತಪ್ಪೋ, ದೇವರೇ ಬಲ್ಲ. ಆ ಹತ್ತು ತಿಂಗಳು ಆ ಮಕ್ಕಳು ಆಟವನ್ನೂ ಆಡಿದರು, ಚಂದಾ ಎತ್ತುವವರ ಜೊತೆಗೂ ಓಡಾಡಿದರು, ವಕೀಲರನ್ನೂ ಹಿಡಿದರು. ನಡುವೆ ಪರೀಕ್ಷೆ ಬೇರೆ ಇತ್ತು.